ದಿನ್ನಿಯ ಬೂದಿ

ದಿನ್ನಿ ಓಣಿ, ಮಸ್ಕಿ
22 ಜೂನ್ 1986

ತಂಗಿ ಪಾರ್ವತಿಗೆ,

ನಾಲ್ಕನೇ ಕ್ಲಾಸು ಓದಿದವಳ ಕಾಗದ ಇದು. ಅಕ್ಷರ ಸೊಟ್ಟಗಿವೆ ಎಂದು ಹಾಸ್ಟೆಲಿನ ಗೆಳತಿಯರಿಗೆ ತೋರಿಸಿ ನಗಬೇಡ. ನೀನು ಹತ್ತನೇ ಕ್ಲಾಸಿಗೆ ಲಿಂಗಸುಗೂರು ಸೇರಿದ ಸುದ್ದಿಯನ್ನು ಅಪ್ಪ ಮೊನ್ನೆ ಮುಕ್ಕುಂದದಿಂದ ಬಂದಾಗ ಹೇಳಿದ. ಭತ್ತದ ಸಸಿ ಹಾಕುವುದು ಬಿಟ್ಟು ನಿನ್ನ ಟ್ರಂಕು ತಲೆಯ ಮೇಲೆ ಹೊತ್ತು ತಂದು ಬಸ್ ಹತ್ತಿಸಿದನಂತೆ.

ಒಂದು ಸುದ್ದಿ ಇದೆ. ನನಗೆ ಮೂರು ತಿಂಗಳು. ಅವ್ವನಿಗೆ ನೀನೇ ತಿಳಿಸು, ನನಗೆ ಬಾಯಿ ಬರುತ್ತಿಲ್ಲ. ಹೋದ ಎರಡು ಸಲವೂ ಸಂತೋಷದ ಸುದ್ದಿ ಕಳಿಸಿ, ಎಂಟೇ ದಿನಕ್ಕೆ ಇನ್ನೊಂದು ಸುದ್ದಿ ಕಳಿಸಬೇಕಾಯಿತು. ಮೊದಲನೆಯದು ಗಂಡು, ಎರಡನೆಯದು ಹೆಣ್ಣು. ಎರಡೂ ದುಂಡಗೆ ಹುಟ್ಟಿದವು. ಹುಟ್ಟಿದ ಗಳಿಗೆಗೆ ಅತ್ತೆ ಹೊಕ್ಕುಳಿಗೆ ದಿನ್ನಿಯ ಬೂದಿ ಒತ್ತಿದರು. ಐದು ದಿನ ಹಾಲು ಕುಡಿದವು, ಎಂಟನೇ ದಿನ ಹೋದವು. ಓಣಿಯ ಹೆಂಗಸರು ‘ನಕ್ಕೋತ ಹೋದ್ವು’ ಎನ್ನುತ್ತಾರೆ. ಎರಡನ್ನೂ ದಿನ್ನಿಯ ಬುಡದಲ್ಲೇ ಇಟ್ಟಿದ್ದೇವೆ. ಹಿತ್ತಲ ಬಾಗಿಲು ತೆರೆದರೆ ಕಾಣುತ್ತದೆ.

ನೀನು ಒಮ್ಮೆ ಬಂದಾಗ ನೋಡಿದ್ದೀಯಲ್ಲ, ಮನೆಯ ಹಿಂದಿನ ಆ ಬೂದಿಯ ಗುಡ್ಡ? ಎರಡಾಳು ಎತ್ತರ. ಯಾರು ಸುಟ್ಟರೋ, ಯಾವಾಗ ಸುಟ್ಟರೋ ಯಾರಿಗೂ ಗೊತ್ತಿಲ್ಲ. ನಮ್ಮದು ವಿಭೂತಿ ಮಾಡುವ ಮನೆ. ಸಗಣಿಯ ಕುಳ್ಳು ಸುಟ್ಟು, ಬೂದಿ ಸೋಸಿ, ಉಂಡೆ ಕಟ್ಟುವಾಗ ಪ್ರತಿ ಸಲವೂ ಒಂದು ಹಿಡಿ ದಿನ್ನಿಯ ಬೂದಿ ಕೂಡಿಸಲೇಬೇಕು. ಇಲ್ಲದಿದ್ದರೆ ಅದು ವಿಭೂತಿಯೇ ಅಲ್ಲ ಎನ್ನುತ್ತಾರೆ ಅತ್ತೆ.

ಮೊನ್ನೆ ರೇಡಿಯೋದಲ್ಲಿ ಹೇಳಿದರು. ರಷ್ಯಾದಲ್ಲಿ ಕರೆಂಟು ಮಾಡುವ ಜಾಗ ಸಿಡಿದು, ಕಣ್ಣಿಗೆ ಕಾಣದ ಬೂದಿ ದೇಶದೇಶಕ್ಕೆ ಹಾರಿತಂತೆ. ಅದು ಬಿದ್ದ ಹುಲ್ಲು ತಿಂದ ಹಸುಗಳ ಹಾಲನ್ನು ಚೆಲ್ಲಿದರಂತೆ. “ಹಾಲು ಚೆಲ್ಲೋ ಮಂದಿ ಎಂಥ ಮಂದಿ ಬೇ!” ಎಂದು ಅತ್ತೆ ಬೈದರು. ನಾನು ಹಿತ್ತಲ ಕಡೆ ನೋಡಿದೆ. ಅದು ಎಂಥ ಬೆಂಕಿ ಪಾರ್ವತಿ? ಅದರ ಬೂದಿ ಯಾಕೆ ಹಾಗೆ? ನಿಮ್ಮ ಪುಸ್ತಕದಲ್ಲಿದ್ದರೆ ಬರೆ.

ನಿನ್ನ ಅಕ್ಕ
ಅಮರಮ್ಮ


ಲಿಂಗಸುಗೂರು
6 ಜುಲೈ 1986

ಅಕ್ಕಾ,

ಹೋದ ಭಾನುವಾರ ಮುಕ್ಕುಂದಕ್ಕೆ ಹೋದಾಗ ಅವ್ವನಿಗೆ ಹೇಳಿದೆ. ಅವಳು ಒಳಗೆ ಹೋಗಿ ಅಕ್ಕಿ ಆರಿಸುತ್ತಾ ಕುಳಿತಳು.

ನೀನು ಕೇಳಿದ್ದು ನಮ್ಮ ವಿಜ್ಞಾನದ ಪುಸ್ತಕದಲ್ಲಿದೆ. ಆದರೆ ಆ ಪಾಠ ಫೆಬ್ರವರಿಯಲ್ಲಿ ಬರುತ್ತದಂತೆ. ನಾನು ಹಂಪಣ್ಣ ಮಾಸ್ತರನ್ನು ಕೇಳಿದೆ. ಅವರು ಖುಷಿಯಾಗಿ ಮರದ ಕೆಳಗೆ ನಿಲ್ಲಿಸಿ ಹೇಳಿದರು: “ಏ ಹುಡುಗೀ, ಒಲಿ ಬೆಂಕಿ ಪರಮಾಣುವಿನ ಅಂಗಿ ಅಷ್ಟೇ ಬದಲ ಮಾಡ್ತೈತಿ. ಈ ಬೆಂಕಿ ಎಲುಬು ಮುರೀತೈತಿ.”

ಪ್ರತಿ ವಸ್ತುವಿನ ಪರಮಾಣುವಿನ ನಡುವೆ ಒಂದು ಗಟ್ಟಿ ಇದೆ, ಅದಕ್ಕೆ ನ್ಯೂಕ್ಲಿಯಸ್ ಎನ್ನುತ್ತಾರೆ. ಯುರೇನಿಯಂ ಎಂಬ ಲೋಹದಲ್ಲಿ ಆ ಗಟ್ಟಿ ಬಹಳ ದೊಡ್ಡದು. ಅದಕ್ಕೆ ತನ್ನನ್ನೇ ತಾನು ಹಿಡಿದುಕೊಂಡಿರುವುದು ಕಷ್ಟ. ಹೊರಗಿನಿಂದ ನ್ಯೂಟ್ರಾನ್ ಎಂಬ ಒಂದು ಕಣ ಬಂದು ತಾಗಿದರೆ ತುಂಬಿದ ನೀರಿನ ಹನಿಯಂತೆ ಅಲುಗಾಡಿ, ನಡುವೆ ಸಣ್ಣಗಾಗಿ, ಎರಡಾಗಿ ಒಡೆಯುತ್ತದೆ. ಒಡೆಯುವಾಗ ಒಳಗಿನಿಂದ ಎರಡು ಮೂರು ನ್ಯೂಟ್ರಾನ್ ಹಾರುತ್ತವೆ. ಅವು ಹೋಗಿ ಪಕ್ಕದವನ್ನು ಒಡೆಯುತ್ತವೆ. ಹೀಗೆ ಒಂದರಿಂದ ಎರಡು, ಎರಡರಿಂದ ನಾಲ್ಕು. ಇದಕ್ಕೆ ವಿದಳನ ಎಂದು ಹೆಸರು. ಕರೆಂಟು ಮಾಡುವಲ್ಲಿ ಇದನ್ನು ಹಿಡಿತದಲ್ಲಿ ಇಟ್ಟಿರುತ್ತಾರೆ, ಬಾಂಬಿನಲ್ಲಿ ಬಿಟ್ಟುಬಿಡುತ್ತಾರೆ.

ನನಗೆ ಮೈ ಝುಂ ಎಂದದ್ದು ಇಲ್ಲಿ. ಒಡೆದ ಚೂರುಗಳನ್ನೆಲ್ಲ ಕೂಡಿಸಿ ತೂಗಿದರೆ ಮೊದಲಿನಷ್ಟು ತೂಗುವುದಿಲ್ಲವಂತೆ. ಸಾವಿರ ಪಾಲಿನಲ್ಲಿ ಒಂದು ಪಾಲು ಕಡಿಮೆ. ಅದು ಎಲ್ಲಿಯೂ ಬಿದ್ದಿಲ್ಲ, ಕಾವಾಗಿ ಹೋಗಿಬಿಟ್ಟಿದೆ. ಉಳಿದ ಚೂರುಗಳಿಗೂ ನೆಮ್ಮದಿ ಇಲ್ಲ. ವರ್ಷಗಟ್ಟಲೆ ಕಣ್ಣಿಗೆ ಕಾಣದ ಕಿರಣ ಬಿಡುತ್ತಾ ಕೂರುತ್ತವೆ. ಆ ಹಾಲಿನಲ್ಲಿ ಇದ್ದದ್ದು ಅದೇ.

ಅಕ್ಕಾ, ನಾನು ಯೋಚನೆ ಮಾಡಿದೆ. ನಿಮ್ಮ ದಿನ್ನಿಯಲ್ಲಿ ಕಲ್ಲು ಕರಗಿ ಗಾಜಿನಂತೆ ಕಿಟ್ಟವಾಗಿದ್ದು ನಾನು ನೋಡಿದ್ದೇನೆ. ಯಾವ ಒಲೆಯಲ್ಲಿ ಕಲ್ಲು ಕರಗುತ್ತದೆ? ಅಲ್ಲಿ ಹುಲ್ಲು ಬೆಳೆಯುವುದಿಲ್ಲ. ಅಲ್ಲಿಯ ಬೂದಿ ಮುಟ್ಟಿದ ಮನೆಯ ಮಕ್ಕಳು ಉಳಿಯುವುದಿಲ್ಲ. ಹಿಂದೆ ಯಾವುದೋ ಕಾಲದಲ್ಲಿ ಅಲ್ಲಿ ಅಣುಬೆಂಕಿ ಉರಿದಿರಬೇಕು. ನೀನು ಆ ಬೂದಿ ಮುಟ್ಟಬೇಡ.

ನಿನ್ನ
ಪಾರ್ವತಿ


ಮಸ್ಕಿ
3 ಆಗಸ್ಟ್ 1986

ಪಾರ್ವತಿಗೆ,

ನಿನ್ನ ಕಾಗದ ಹನ್ನೆರಡು ಸಲ ಓದಿದ್ದೇನೆ. ಮೊದಲನೇ ಸಲ ಓದಿದಾಗ ಹೆದರಿಕೆ ಆಯಿತು. ಆಮೇಲೆ, ಹೇಳಿದರೆ ನೀನು ಬೈಯುತ್ತೀಯ, ಒಂದು ತರಹ ಹಗುರ ಎನಿಸಿತು. ಎರಡು ವರ್ಷದಿಂದ ನನ್ನ ಮೈಯೇ ಕೆಟ್ಟದ್ದು ಎಂದುಕೊಂಡಿದ್ದೆ. ನನ್ನ ತಪ್ಪಲ್ಲ, ದಿನ್ನಿಯದು ಎಂದು ಮೊದಲ ಸಲ ಒಬ್ಬರು ಬರೆದು ಕಳಿಸಿದ್ದಾರೆ.

ಈಗ ಕೈಗೆ ಅರಿವೆ ಸುತ್ತಿಕೊಂಡು ಉಂಡೆ ಕಟ್ಟುತ್ತೇನೆ. ಅತ್ತೆ ನೋಡಿದರು.

“ಯಾಕ ಬೇ ಅಮರವ್ವ, ಕೈಗೆ ಅರಿವಿ?”

“ಕೈ ಬಿರೀತಾವ್ರೀ ಅತ್ತಿ.”

“ಬಿರೀಲಿ ತಗೋ. ನಮ್ಮ ಅತ್ತಿ ಕೈ ಬಿರೀಲಿಲ್ಲ? ನಂದು ಬಿರೀಲಿಲ್ಲ? ನಿಂದೇನು ತಹಶೀಲ್ದಾರ ಹೆಣ್ತಿ ಕೈಯೇನು?”

ಅಕ್ಕಪಕ್ಕದವರು ನಕ್ಕರು. ನಾನೂ ನಕ್ಕು, ಅರಿವೆ ಬಿಚ್ಚಿದೆ.

ನಾಲ್ಕು ದಿನ ಮಳೆ ಬಂತು. ನಿನಗೆ ಒಂದು ವಿಚಿತ್ರ ಹೇಳುತ್ತೇನೆ. ಮಳೆ ಬಿದ್ದರೆ ದಿನ್ನಿಯಿಂದ ದನದ ವಾಸನೆ ಬರುತ್ತದೆ. ಹಳೆಯ ಬೂದಿಯ ವಾಸನೆಯಲ್ಲ. ಇದೇ ಈಗ ದೊಡ್ಡ ಹಿಂಡು ಬಂದು ನಿಂತ ಹಾಗೆ, ಮೂತ್ರ, ಸಗಣಿ, ಬೆಚ್ಚಗಿನ ಉಸಿರು. ನಮ್ಮ ಕೊಟ್ಟಿಗೆಯ ಎರಡು ಹಸು ಆ ಕಡೆ ಮುಖ ಮಾಡಿ ಕಿವಿ ನಿಲ್ಲಿಸುತ್ತವೆ. ಹೊರಗೆ ನೋಡಿದರೆ ಏನೂ ಇರುವುದಿಲ್ಲ.

ಇನ್ನೊಂದು. ನೀನು ತೂಕ ಕಡಿಮೆಯಾಗುತ್ತದೆ ಎಂದು ಬರೆದಿದ್ದೆಯಲ್ಲ, ನಾನು ಪರೀಕ್ಷೆ ಮಾಡಿದೆ. ಎರಡು ಹಸಿ ಉಂಡೆ ತಕ್ಕಡಿಯಲ್ಲಿ ತೂಗಿದೆ. ಎರಡನ್ನೂ ಕೂಡಿಸಿ ಒಂದೇ ದೊಡ್ಡ ಉಂಡೆ ಮಾಡಿದೆ. ಮರುದಿನ ತೂಗಿದರೆ ಕಡಿಮೆ ಬಂತು! ಒಡೆದರೆ ಕಡಿಮೆಯಾಗುತ್ತದೆ ಎಂದಿದ್ದೆ, ಇಲ್ಲಿ ಕೂಡಿದರೂ ಕಡಿಮೆ. ನಾನು ತಕ್ಕಡಿ ಕೆಳಗಿಟ್ಟು ದೂರ ಸರಿದು ಕುಳಿತೆ. ಕೂಡಿಸುವ ಬೆಂಕಿಯೂ ಒಂದು ಇದೆಯೇ?

ಅಮರಮ್ಮ


ಲಿಂಗಸುಗೂರು
24 ಆಗಸ್ಟ್ 1986

ಅಕ್ಕಾ,

ನಿನ್ನ ಉಂಡೆಯ ನೀರು ಆರಿ ತೂಕ ಇಳಿದಿದೆ, ಹುಚ್ಚಿ! ಆದರೆ ಮಾಸ್ತರು ನಿನ್ನ ಪ್ರಶ್ನೆ ಕೇಳಿ ನಗಲಿಲ್ಲ. “ನಿಮ್ಮಕ್ಕ ಎಷ್ಟು ಓದ್ಯಾಳ?” ಎಂದರು. ನಾಲ್ಕನೇ ಕ್ಲಾಸು, ನನ್ನನ್ನು ಎತ್ತಿಕೊಳ್ಳಲು ಶಾಲೆ ಬಿಟ್ಟಳು ಎಂದೆ. ಅವರು “ಕೂಡಿಸೋ ಬೆಂಕಿ ಐತಿ ಅಂತ ಬರಿ” ಎಂದರು.

ಅದಕ್ಕೆ ಸಮ್ಮಿಲನ ಎಂದು ಹೆಸರು. ಸೂರ್ಯನಲ್ಲಿ ಉರಿಯುವುದು ಅದು. “ಎರಡು ಸಂಗತಿ ಒಂದೇ ತರಹ ಕಂಡ್ರ ಪಕ್ಕಪಕ್ಕ ಬರದು ನೋಡು, ಎಲ್ಲಿ ಬ್ಯಾರೆ ಆಗ್ತಾವ ಕಾಣ್ತೈತಿ” ಎನ್ನುತ್ತಾರೆ ಮಾಸ್ತರು. ಅದಕ್ಕೇ ಹಾಳೆಯ ನಡುವೆ ಗೆರೆ ಎಳೆದಿದ್ದೇನೆ, ನೋಡು.

ಎಡಗಡೆ ವಿದಳನ: ಬಹಳ ಭಾರದ ಒಂದು ನ್ಯೂಕ್ಲಿಯಸ್ ಒಡೆದು ಎರಡಾಗುವುದು. ಬಲಗಡೆ ಸಮ್ಮಿಲನ: ಬಹಳ ಹಗುರವಾದ ಎರಡು, ಹೈಡ್ರೋಜನ್ ತರಹದವು, ಕೂಡಿ ಒಂದಾಗುವುದು. ಒಡೆಯಲು ಒಂದು ನ್ಯೂಟ್ರಾನ್ ತಾಗಿದರೆ ಸಾಕು. ಕೂಡಲು ಹಾಗಲ್ಲ. ಅವು ಒಂದನ್ನೊಂದು ದೂಡುತ್ತವೆ, ಹತ್ತಿರ ಬರಲು ಒಲ್ಲವು. ಸೂರ್ಯನ ನಡುವಿನಲ್ಲಿ ಒಂದೂವರೆ ಕೋಟಿ ಡಿಗ್ರಿ ಕಾವು ಇದೆ. ಆ ಕಾವು ಮತ್ತು ಒತ್ತಡದಲ್ಲಿ ಮಾತ್ರ ಓಡಿ ಬಂದು ಅಂಟಿಕೊಳ್ಳುತ್ತವೆ. ಒಡೆದದ್ದರ ಚೂರು ವಿಷವಾಗಿ ಉಳಿಯುತ್ತವೆ. ಸೂರ್ಯನಲ್ಲಿ ಕೂಡಿ ಆಗುವುದು ಹೀಲಿಯಂ, ಅದು ಯಾರಿಗೂ ಏನೂ ಮಾಡದ ಸಾಧು ಗಾಳಿ. ಒಡೆಯುವ ಬೆಂಕಿಯಿಂದ ಮನುಷ್ಯ ಕರೆಂಟು ಮಾಡುತ್ತಿದ್ದಾನೆ. ಕೂಡುವ ಬೆಂಕಿಯನ್ನು ಬಾಂಬಿನಲ್ಲಿ ಹೊತ್ತಿಸಿದ್ದಾನೆ, ಹಿಡಿದಿಟ್ಟು ಕರೆಂಟು ಮಾಡಲು ಇನ್ನೂ ಯಾರಿಗೂ ಆಗಿಲ್ಲ.

ಎರಡು ಕಡೆಯೂ ಒಂದೇ ಇರುವುದು ನೀನು ಹೇಳಿದ್ದೇ. ತೂಕ ಕಳೆಯುತ್ತದೆ. ಸಮ್ಮಿಲನದಲ್ಲಿ ಸಾವಿರಕ್ಕೆ ಏಳು ಪಾಲು, ವಿದಳನಕ್ಕಿಂತ ಹೆಚ್ಚು. ಒಡೆದರೂ ಕಳೆಯುವುದು, ಕೂಡಿದರೂ ಕಳೆಯುವುದು ಹೇಗೆ ಎಂದು ನಾನು ಕೇಳಿದೆ. ಭಾರದವಕ್ಕೆ ಒಡೆದರೆ ನೆಮ್ಮದಿ, ಹಗುರಾದವಕ್ಕೆ ಕೂಡಿದರೆ ನೆಮ್ಮದಿಯಂತೆ. ನಡುವೆ ಇರುವ ಕಬ್ಬಿಣದಂಥವು ಒಡೆಯಲೂ ಒಲ್ಲವು, ಕೂಡಲೂ ಒಲ್ಲವು. ನೆಮ್ಮದಿಗೆ ಹತ್ತಿರ ಹೋದಷ್ಟೂ ತೂಕ ಬಿಟ್ಟುಕೊಡುತ್ತವೆ. ನಿಮ್ಮ ಒಲೆಯ ಬೆಂಕಿಗೆ ಇದು ಯಾವುದೂ ಗೊತ್ತಿಲ್ಲ.

ದಿನ್ನಿಯ ವಿಷಯ ಹೇಳಿದ್ದಕ್ಕೆ ಬೈಸಿಕೊಂಡೆ. “ಅಣುಬೆಂಕಿ ಅಂತ ಯಾರು ಹೇಳಿದ್ರು ನಿನಗ? ಹಳೇ ಕಾಲದ ಮಂದಿ ಅಲ್ಲಿ ದನ ಕಟ್ಟಿ, ಸಗಣಿ ಒಟ್ಟಿ ಸುಟ್ಟಾರ. ಸಗಣಿ ರಾಶಿ ವಾರಗಟ್ಟಲೆ ಒಳಗೊಳಗೆ ಉರದ್ರ ಬೂದಿನೂ ಕರಗಿ ಕಿಟ್ಟ ಆಗ್ತೈತಿ” ಎಂದರು. ನನ್ನ ಮುಖ ಸಣ್ಣದಾದದ್ದು ನೋಡಿ, “ನನ್ನ ಮಾತೂ ಸುಮ್ನ ನಂಬಬ್ಯಾಡ. ನೋಡೇ ಬಿಡೂಣು” ಎಂದರು. ಕಿರಣ ಬಿಡುವ ವಸ್ತುವಿದ್ದರೆ ಕತ್ತಲಲ್ಲಿ ಕಪ್ಪು ಕಾಗದದಲ್ಲಿ ಸುತ್ತಿಟ್ಟ ಫೋಟೋ ಫಿಲ್ಮ್ ಕೂಡ ಕಪ್ಪಾಗುತ್ತದಂತೆ. ನಡುವೆ ಒಂದು ಕೀಲಿಕೈ ಇಟ್ಟರೆ ಅದರ ನೆರಳು ಬೀಳುತ್ತದಂತೆ. ಇಲ್ಲಿ ಫೋಟೋ ಸ್ಟುಡಿಯೋದ ಅಲ್ಲಾಭಕ್ಷ್ ಚಾಚಾ ಫಿಲ್ಮ್ ತುಂಡು ಕೊಡಲು ಒಪ್ಪಿದ್ದಾರೆ. ನೀನು ಒಂದು ಕಿಟ್ಟ, ಒಂದು ಹಿಡಿ ಬೂದಿ ಬಸ್ಸಿನಲ್ಲಿ ಕಳಿಸು.

ಪಾರ್ವತಿ


ಮಸ್ಕಿ
20 ಸೆಪ್ಟೆಂಬರ್ 1986

ಪಾರ್ವತಿಗೆ,

ಈ ಕಾಗದದ ಜೊತೆ ಗಂಟು ಕಳಿಸಿದ್ದೇನೆ. ಕಂಡಕ್ಟರ್ ಮುದುಕಪ್ಪ ಕೊಡುತ್ತಾನೆ. “ಏನೈತ್ರೀ ಇದರಾಗ?” ಎಂದ. ಮದ್ದು ಎಂದೆ.

ಮಧ್ಯಾಹ್ನ ಎಲ್ಲರೂ ಉಂಡು ಅಡ್ಡಾದಾಗ ಹೋದೆ. ಆ ಹೊತ್ತಿನಲ್ಲಿ ದಿನ್ನಿಗೆ ನೆರಳೇ ಇರುವುದಿಲ್ಲ. ಹೆಜ್ಜೆ ಇಟ್ಟರೆ ಕೆಳಗೆ ಡೊಳ್ಳು ಇದ್ದಂತೆ ಸದ್ದು. ಒಂದು ಕಿಟ್ಟದ ತುಂಡು ಎತ್ತಿದೆ. ಇನ್ನೊಂದಕ್ಕೆ ತಾಗಿ ಗಂಟೆಯ ಹಾಗೆ ಠಣ್ ಎಂದಿತು. ಆ ಸದ್ದು ನಿಂತ ಮೇಲೂ ಸ್ವಲ್ಪ ಹೊತ್ತು ಎಲ್ಲೋ ಒಳಗಿನಿಂದ ಬರುತ್ತಿತ್ತು. ನಿಜವೋ, ನನ್ನ ಕಿವಿಯೋ. ಬುಡದಲ್ಲಿ ಮಳೆಗೆ ಕೊಚ್ಚಿದ ಕಡೆ ಗಟ್ಟಿ ಪದರ ಕಂಡಿತು. ಅದರಲ್ಲಿ ಹಸುವಿನ ಗೊರಸಿನ ಗುರುತು, ಒಂದಲ್ಲ, ಹತ್ತಾರು. ಈಗ ತಾನೇ ಕೆಸರಿನಲ್ಲಿ ನಡೆದು ಹೋದಂತೆ, ಆದರೆ ಕಲ್ಲಿನಷ್ಟು ಗಟ್ಟಿ. ಒಂದು ಗುರುತು ಬಹಳ ಚಿಕ್ಕದು, ಕರುವಿನದು. ಅವೆಲ್ಲ ಒಳಗಿನ ಕಡೆಗೆ ಮುಖ ಮಾಡಿವೆ. ಹೊರಗೆ ಬಂದ ಗುರುತು ಹುಡುಕಿದೆ. ಸಿಗಲಿಲ್ಲ.

ನನ್ನ ಎರಡೂ ಮಕ್ಕಳ ಕಲ್ಲು ಅಲ್ಲಿಂದ ಹತ್ತು ಹೆಜ್ಜೆ. ಆ ಕಡೆ ನೋಡದೆ ಬಂದೆ.

ಹೋದ ಸೋಮವಾರ ನನ್ನ ಬಾಯಿಗೆ ಬೂದಿ ಹಾಕಿದರು. ಆರನೇ ತಿಂಗಳಲ್ಲಿ ಹಾಕುವುದು ಈ ಮನೆಯ ಪದ್ಧತಿ. ಅತ್ತೆ ವೀರಭದ್ರಮ್ಮನವರೇ ಸ್ನಾನ ಮಾಡಿ, ತಲೆಗೆ ಒದ್ದೆ ಸೀರೆ ಹೊದ್ದು ಹೋಗಿ, ಮಕ್ಕಳನ್ನು ಇಟ್ಟ ಕಡೆಯಿಂದಲೇ ತಂದರು. ನಾನು ಬಾಯಿ ಬಿಗಿಹಿಡಿದೆ.

“ತೆರಿ ಬೇ. ಹೋದವು ಅಲ್ಲೇ ಅದಾವ. ಅಲ್ಲಿಂದಲೇ ತಿರುಗಿ ಬರಬೇಕು. ನುಂಗು.”

ಅವರ ಕಣ್ಣಲ್ಲಿ ಸಿಟ್ಟಿರಲಿಲ್ಲ. ನೀರಿತ್ತು. ನುಂಗಿದೆ. ಹೊಟ್ಟೆಯಲ್ಲಿದ್ದದ್ದು ಆವತ್ತು ದಿನವೆಲ್ಲ ಅಲುಗಾಡಲಿಲ್ಲ.

ಬೇಗ ನೋಡಿ ಹೇಳು.

ಅಮರಮ್ಮ


ಲಿಂಗಸುಗೂರು
26 ಅಕ್ಟೋಬರ್ 1986

ಅಕ್ಕಾ,

ನೋಡಿದೆವು! ಮೂರು ವಾರ ನನ್ನ ಟ್ರಂಕಿನ ತಳದಲ್ಲಿ ಎರಡು ಪೊಟ್ಟಣ ಇಟ್ಟಿದ್ದೆ. ಒಂದರಲ್ಲಿ ಫಿಲ್ಮ್, ಕೀಲಿಕೈ, ಅದರ ಮೇಲೆ ನಿಮ್ಮ ಕಿಟ್ಟ ಮತ್ತು ಬೂದಿ. ಇನ್ನೊಂದು ಮೂಲೆಯಲ್ಲಿ ಫಿಲ್ಮ್, ಕೀಲಿಕೈ, ಅದರ ಮೇಲೆ ಅಲ್ಲಾಭಕ್ಷ್ ಚಾಚಾನ ಅಪ್ಪನ ಹಳೆಯ ಕೈಗಡಿಯಾರ. ಅದರ ಅಂಕಿಗಳು ಕತ್ತಲಲ್ಲಿ ಹಸಿರಾಗಿ ಹೊಳೆಯುತ್ತವೆ, ಅದಕ್ಕೆ ರೇಡಿಯಂ ಹಚ್ಚಿರುತ್ತಾರೆ. ಫಿಲ್ಮ್ ಕೆಲಸ ಮಾಡುತ್ತದೋ ಇಲ್ಲವೋ ತಿಳಿಯಲು ಹೀಗೆ ಎರಡು ಇಡಬೇಕು ಎಂದರು ಮಾಸ್ತರು.

ಚಾಚಾ ಕೆಂಪು ದೀಪದ ಕೋಣೆಯಲ್ಲಿ ಫಿಲ್ಮ್ ತೊಳೆದರು. ಗಡಿಯಾರದ್ದು ಕಪ್ಪಾಗಿತ್ತು. ನಡುವೆ ಕೀಲಿಕೈಯ ಆಕಾರ ಬೆಳ್ಳಗೆ. ಯಾರೂ ಬೆಳಕು ಬಿಟ್ಟಿಲ್ಲ, ಯಾರೂ ಫೋಟೋ ತೆಗೆದಿಲ್ಲ, ಟ್ರಂಕಿನಲ್ಲಿ ಮಡಿಚಿಟ್ಟ ನನ್ನ ಲಂಗದ ಕೆಳಗೆ ಕತ್ತಲಲ್ಲಿ ಅದು ತಾನೇ ಬರೆದುಕೊಂಡಿತ್ತು. ಚಾಚಾ “ಯಾ ಅಲ್ಲಾ” ಎಂದು ಗಡಿಯಾರವನ್ನು ಕೈಗೆ ಕಟ್ಟದೆ ಡಬ್ಬಿಯಲ್ಲಿಟ್ಟರು.

ದಿನ್ನಿಯದು ಪೂರಾ ತಿಳಿ. ಏನೂ ಇಲ್ಲ. ನೆರಳಿಲ್ಲ, ಚುಕ್ಕೆಯಿಲ್ಲ.

ಅಕ್ಕಾ, ಬೂದಿಯದು ತಪ್ಪಿಲ್ಲ. ನಾನೇ ತಪ್ಪು ಬರೆದು ನಿನ್ನನ್ನು ಹೆದರಿಸಿದೆ. ಅದು ಬರೀ ಸಗಣಿ ಸುಟ್ಟ ಬೂದಿ. ಧೈರ್ಯವಾಗಿ ಮುಟ್ಟು, ಅತ್ತೆ ಹಚ್ಚಿದರೆ ಹಚ್ಚಿಸಿಕೋ.

ಪಾರ್ವತಿ


ಮಸ್ಕಿ
9 ನವೆಂಬರ್ 1986

ಪಾರ್ವತಿಗೆ,

ನಿನ್ನ ಕಾಗದವನ್ನು ನಮ್ಮ ಮನೆಯವರು ಅತ್ತೆಗೆ ಓದಿ ಹೇಳಿದರು. “ನೋಡಿದೇನು, ಶಾಲಿ ಕಲ್ತವರೂ ದಿನ್ನಿಗೆ ಕೈ ಮುಗದ್ರು!” ಎಂದು ಅತ್ತೆ ಓಣಿಗೆಲ್ಲ ಹೇಳಿಕೊಂಡು ಬಂದರು.

ಹಾಗಾದರೆ ನನ್ನ ಮೈಯೇ ಕೆಟ್ಟದ್ದು. ಮತ್ತೆ ಅಲ್ಲಿಗೇ ಬಂದೆ.

ನಿನಗೆ ಇಲ್ಲಿಯ ತನಕ ಹೇಳದ್ದು ಒಂದಿದೆ. ಯಾರಿಗೂ ಹೇಳಿಲ್ಲ. ನಕ್ಕೋತ ಹೋದ್ವು ಎನ್ನುತ್ತಾರಲ್ಲ, ಅದು ಸುಳ್ಳಲ್ಲ. ಗಂಡು ಮಗು ಆರನೇ ದಿನ ಮೊಲೆ ಬಾಯಿಗಿಟ್ಟರೆ ಹಿಡಿಯಲಿಲ್ಲ. ಹಸಿವೆ ಇತ್ತು, ಬಾಯಿ ತೆರೆಯಲು ಬರಲಿಲ್ಲ. ಏಳನೇ ದಿನ ತುಟಿ ಎರಡೂ ಕಡೆ ಎಳೆದುಕೊಂಡು ನಗುತ್ತಿದ್ದ ಹಾಗೆ ಆಯಿತು. ಕಣ್ಣಲ್ಲಿ ನಗು ಇರಲಿಲ್ಲ. ಬಾಗಿಲು ಸದ್ದಾದರೂ ಸಾಕು, ಬೆನ್ನು ಬಿಲ್ಲಿನಂತೆ ಬಾಗುತ್ತಿತ್ತು. ಅಳಲಿಲ್ಲ ಪಾರ್ವತಿ. ಕೊನೆಯ ಎರಡು ದಿನ ಅದರ ಅಳು ಕೇಳಲಿಲ್ಲ. ಹೆಣ್ಣು ಮಗುವಿಗೂ ಅದೇ, ಅದೇ ದಿನ, ಅದೇ ನಗು. ‘ದೇವರು ಆಟ ಆಡಸಾಕತ್ಯಾನ’ ಎಂದು ಅತ್ತೆ ಪಕ್ಕದಲ್ಲಿ ಕುಳಿತು ಹಣೆ ಸವರುತ್ತಿದ್ದರು.

ಡಿಸೆಂಬರ್ ಎರಡನೇ ವಾರ ಎನ್ನುತ್ತಾಳೆ ಸೂಲಗಿತ್ತಿ ಮಾರೆಮ್ಮ. ಹೆರಿಗೆಗೆ ತವರಿಗೆ, ಮುಕ್ಕುಂದಕ್ಕೆ ಕಳಿಸಿರಿ ಎಂದೆ. ಈ ಮನೆಯ ಮಕ್ಕಳು ಈ ಮನೆಯಲ್ಲೇ ಹುಟ್ಟಬೇಕು ಎಂದರು.

ಅಮರಮ್ಮ


ಲಿಂಗಸುಗೂರು
6 ಡಿಸೆಂಬರ್ 1986

ಅಕ್ಕಾ, ಇದನ್ನು ಈಗಲೇ ಓದು. ಒಲೆಯ ಮೇಲೆ ಏನಿದ್ದರೂ ಇಳಿಸಿ ಓದು.

ಭತ್ತದ ಕೊಯ್ಲಿಗೆಂದು ನಾನು ಮೂರು ವಾರ ಮುಕ್ಕುಂದದಲ್ಲಿದ್ದೆ. ನಿನ್ನ ಕಾಗದ ಹಾಸ್ಟೆಲಿನಲ್ಲೇ ಬಿದ್ದಿತ್ತು. ನಿನ್ನೆ ಸಂಜೆ ಬಂದು ಓದಿದೆ. ತಡೆಯಲಾಗದೆ ಮಾಸ್ತರ ಮನೆಗೆ ಹೋದೆ. ಅವರ ಮನೆಯವರು ಶೇಖಮ್ಮ ಇಲ್ಲಿ ನರ್ಸು. ರೊಟ್ಟಿ ಬಡಿಯುತ್ತಿದ್ದರು. ನಾನು ಓದುತ್ತಾ ‘ಬಾಯಿ ತೆರೆಯಲಿಲ್ಲ’ ಎನ್ನುವಲ್ಲಿಗೆ ಬಂದಾಗ ರೊಟ್ಟಿ ಬಡಿಯುವುದು ನಿಂತಿತು.

“ಹೊಕ್ಕಳಕ್ಕ ಏನು ಹಚ್ಚಿದ್ರು?”

“ಬೂದಿ. ಆದರ ಅದು ಚಲೋ ಐತ್ರಿ, ನಾವು ಪರೀಕ್ಷಾ ಮಾಡೀವಿ.”

“ಯಾವ ಪರೀಕ್ಷಾ ಮಾಡೀರವ್ವಾ ನೀವು!” ಎಂದು ಅವರು ಹಿಟ್ಟಿನ ಕೈಯಲ್ಲೇ ಹಣೆ ಬಡಿದುಕೊಂಡರು.

ಅದು ಧನುರ್ವಾಯು ಅಕ್ಕಾ. ದನ ಇದ್ದ ನೆಲದಲ್ಲಿ, ಸಗಣಿಯಲ್ಲಿ, ಮಣ್ಣಿನಲ್ಲಿ ಒಂದು ರೋಗಾಣು ಇರುತ್ತದೆ. ಹೊಟ್ಟೆಗೆ ಹೋದರೆ ಏನೂ ಆಗುವುದಿಲ್ಲ. ಹಸಿ ಗಾಯಕ್ಕೆ ಹೋದರೆ ಆರೇಳು ದಿನದಲ್ಲಿ ದವಡೆ ಕಟ್ಟುತ್ತದೆ. ಕೊಯ್ದ ಹೊಕ್ಕುಳ ಹಸಿ ಗಾಯ. ಬೆಂಕಿಯಿಂದ ಬಂದ ದಿನ ಬೂದಿ ಸ್ವಚ್ಛವೇ, ಆದರೆ ಅದರ ಮೇಲೆ ಎಷ್ಟು ಕಾಲದಿಂದ ದನ ತಿರುಗಾಡಿವೆ! ನಿನ್ನ ಮೈಯಲ್ಲಿ ಏನೂ ಕೆಟ್ಟದ್ದಿಲ್ಲ. ಇದು ಒಡೆಯುವ ಬೆಂಕಿಯೂ ಅಲ್ಲ, ಕೂಡುವ ಬೆಂಕಿಯೂ ಅಲ್ಲ. ನಾನು ಫಿಲ್ಮಿಗೆ ಒಂದು ಪ್ರಶ್ನೆ ಕೇಳಿದೆ, ಅದು ಅಷ್ಟಕ್ಕೇ ಉತ್ತರ ಕೊಟ್ಟಿತು. ಕೇಳದೇ ಇದ್ದದ್ದಕ್ಕೂ ಅದೇ ಉತ್ತರ ಎಂದು ನಿನಗೆ ಬರೆದುಬಿಟ್ಟೆ. ಹಚ್ಚಿಸಿಕೋ ಎಂದು ನಾನೇ ಬರೆದೆ.

ಹೊಕ್ಕುಳಿಗೆ ಏನೂ ಹಚ್ಚಿಸಬೇಡ. ಹೊಸ ಬ್ಲೇಡು, ದಾರ ಕುದಿಸಿ. ಮಸ್ಕಿಯ ಆಸ್ಪತ್ರೆಯಲ್ಲಿ ಬಸುರಿಯರಿಗೆ ಇದಕ್ಕೊಂದು ಸೂಜಿ ಹಾಕುತ್ತಾರಂತೆ, ಇವತ್ತೇ ಹೋಗು. ನನಗೆ ಸೋಮವಾರದಿಂದ ಪರೀಕ್ಷೆ, ಇಪ್ಪತ್ತರಂದು ಬರುತ್ತೇನೆ. ಮುದುಕಪ್ಪ ರಜೆಯಲ್ಲಿದ್ದಾನಂತೆ, ಅಂಚೆಗೇ ಹಾಕುತ್ತಿದ್ದೇನೆ, ಈ ಕಾಗದ ನಿನ್ನ ಕೈಗೆ ಯಾವಾಗ ಸಿಗುತ್ತದೋ.

ಪಾರ್ವತಿ


ಮಸ್ಕಿ
15 ಡಿಸೆಂಬರ್ 1986

ಪಾರ್ವತಿಗೆ,

ನಿನ್ನ ಕಾಗದ ಹನ್ನೊಂದನೇ ತಾರೀಖು ಬಂತು. ಮಗು ಎಂಟಕ್ಕೇ ಹುಟ್ಟಿತ್ತು. ಹೆಣ್ಣು.

ಹೆದರಬೇಡ, ಪೂರ್ತಿ ಓದು. ನೀನು ಬೂದಿಯದು ತಪ್ಪಿಲ್ಲ ಎಂದು ಬರೆದ ಮೇಲೆ ನನಗೆ ನಿದ್ದೆ ಬರಲಿಲ್ಲ. ಫಿಲ್ಮಿಗೆ ಹೊಕ್ಕುಳ ಇಲ್ಲವಲ್ಲ ಎಂದು ಒಂದು ದಿನ ಉಂಡೆ ಕಟ್ಟುವಾಗ ಅನಿಸಿತು. ನಿನ್ನ ಆಗಸ್ಟಿನ ಕಾಗದದ ಹಿಂಬದಿಯಲ್ಲಿ ನಾನೂ ನಡುವೆ ಗೆರೆ ಎಳೆದೆ. ಎಡಗಡೆ ಎಂಟನೇ ದಿನ ಹೋದ ಮಕ್ಕಳು, ಬಲಗಡೆ ಉಳಿದ ಮಕ್ಕಳು. ಬರೆಯಲು ಹೆಸರು ಬೇಕಲ್ಲ, ಮಾರೆಮ್ಮನನ್ನು ಕೇಳಿದೆ.

“ಮಾರೆಮ್ಮ, ಎಷ್ಟು ಮಂದೀನ ಹಡಿಸೀದಿ?”

“ಎಣಿಸೀನೇನು? ನಿನ್ನ ಗಂಡನ್ನೂ ನಾನೇ ಎಳದೀನಿ. ತಲಿ ದಪ್ಪ ಇತ್ತು, ಈಗೂ ಐತಿ.”

“ನಕ್ಕೋತ ಹೋದವು ಯಾರ ಮನ್ಯಾಗ ಅದಾವ?”

ಅವಳ ನಗು ಆರಿತು. “ನಿಮ್ಮ ಮನ್ಯಾಗ. ನಿಮ್ಮ ದಾಯಾದಿ ಆದಪ್ಪನ ಮನ್ಯಾಗ ಎರಡು. ನಮ್ಮ ಕೇರ್ಯಾಗ ಒಂದೂ ಇಲ್ಲ ನೋಡು.”

“ನೀವು ಹೊಕ್ಕಳಕ್ಕ ಏನು ಹಚ್ತೀರಿ?”

“ನಮಗ್ಯಾರು ದಿನ್ನಿ ಬೂದಿ ಕೊಡ್ತಾರ ಬೇ? ಅದನ್ನ ಮುಟ್ಟಾಕ ನಮಗ ಬಿಡ್ತೀರೇನು? ಹಂಗೇ ಬಿಡ್ತೀವಿ.”

ಬರೆದು ಮುಗಿಸಿದಾಗ ಎಡಗಡೆಯ ಎಲ್ಲರ ಮುಂದೆ ‘ಬೂದಿ’ ಎಂದಿತ್ತು. ಬಲಗಡೆ ಒಬ್ಬರ ಮುಂದೆಯೂ ಇರಲಿಲ್ಲ. ಒಂದು ಹೆಸರು ಮಾತ್ರ ಎಲ್ಲಿ ಬರೆಯಬೇಕೋ ತಿಳಿಯಲಿಲ್ಲ. ನಮ್ಮ ಮನೆಯವರದು. ಅವರು ಈ ಮನೆಯಲ್ಲೇ ಹುಟ್ಟಿ ಬದುಕಿದ್ದಾರೆ.

ಮಗು ಹುಟ್ಟಿದಾಗ ಅತ್ತೆ ಬೂದಿಯ ಕುಡಿಕೆ ಹಿಡಿದು ಬಂದರು. ನಾನು ಮಗುವಿನ ಹೊಟ್ಟೆಯ ಮೇಲೆ ನನ್ನ ಅಂಗೈ ಇಟ್ಟುಕೊಂಡೆ.

“ಕೈ ತಗಿ ಬೇ.”

“ಅತ್ತಿ, ಇವರಕಿಂತ ಮದಲ ನಿಮಗ ಎಷ್ಟು ಹುಟ್ಟಿದ್ವು?”

“ಈಗ್ಯಾಕ ಅದು? ಮೂರು.”

“ಅವಕ್ಕ ಇದನ್ನೇ ಹಚ್ಚಿದ್ರೇನು?”

“ಹಚ್ಚದ? ಮನಿತನದ ಪದ್ಧತಿ.”

“ಇವರಿಗೆ?”

ಅತ್ತೆ ಬಾಯಿ ತೆರೆದರು. ಕೈಯಲ್ಲಿದ್ದ ಕುಡಿಕೆ ನೋಡಿದರು. ಆಮೇಲೆ ನನಗಲ್ಲ, ಮಾರೆಮ್ಮನಿಗೆ ಹೇಳಿದರು: “ಅವ ಹುಟ್ಟಿದಾಗ ಮಳಿ ಹಿಡದಿತ್ತಲ್ಲ. ಹದಿನೈದು ದಿನ. ದಿನ್ನಿ ಕಡೆ ಹೋಗಾಕ ಆಗಲಿಲ್ಲ.”

“ಹೌದಬೇ ಯವ್ವಾ,” ಎಂದಳು ಮಾರೆಮ್ಮ. “ಹಂಗೇ ಬಿಟ್ಟಿದ್ವಿ.”

ಅತ್ತೆ ಕುಡಿಕೆಯನ್ನು ಮಡಿಲಲ್ಲಿ ಇಟ್ಟುಕೊಂಡು ಗೋಡೆಗೆ ಒರಗಿದರು. ಮಾರೆಮ್ಮ ತನ್ನ ಕೇರಿಯಲ್ಲಿ ಮಾಡುವ ಹಾಗೆ ಬ್ಲೇಡು ಕುದಿಸಿ ತಂದಳು. ನಾನು ಅಂಗೈ ತೆಗೆದೆ.

ಹನ್ನೊಂದಕ್ಕೆ ನಿನ್ನ ಕಾಗದ ಬಂದಾಗ ಧನುರ್ವಾಯುವಿನದು ಓದಿ ಹೇಳಿದೆ. ಅತ್ತೆ ಒಂದು ಕೈಯ ಮೂರು ಬೆರಳು ಒಂದೊಂದಾಗಿ ಮಡಿಚಿದರು. ಆಮೇಲೆ ನನ್ನ ಕಡೆ ನೋಡಿ ಉಳಿದ ಎರಡನ್ನೂ ಮಡಿಚಿದರು. ಆ ಮುಷ್ಟಿಯನ್ನು ಸಂಜೆಯ ತನಕ ಬಿಚ್ಚಲಿಲ್ಲ.

ಅಂದಿನಿಂದ ಇಬ್ಬರೂ ಮಗುವಿನ ಬಾಯಿಯನ್ನೇ ನೋಡುತ್ತಿದ್ದೇವೆ. ಆರನೇ ದಿನ ಹಾಲು ಕುಡಿಯಿತು. ಏಳನೇ ದಿನ ನಿದ್ದೆಯಲ್ಲಿ ತುಟಿ ಸ್ವಲ್ಪ ಎಳೆದುಕೊಂಡಿತು. ಎಲ್ಲ ಮಕ್ಕಳೂ ಹಾಗೆ ನಗುತ್ತವೆ ಎಂದು ನನಗೆ ಗೊತ್ತು. ಆದರೂ ಅತ್ತೆ ಕಿರುಬೆರಳನ್ನು ಅದರ ಬಾಯಿಗೆ ಇಟ್ಟು ನೋಡಿದರು. ಮಗು ಬೆರಳು ಚೀಪಿತು. ಮಳೆ ಇಲ್ಲದಿದ್ದರೂ ನಿನ್ನೆಯಿಂದ ದಿನ್ನಿಯಿಂದ ದನದ ವಾಸನೆ ಬರುತ್ತಿದೆ.

ಇವತ್ತು ಎಂಟನೇ ದಿನ. ಮಧ್ಯಾಹ್ನವಾಗಿದೆ. ಇದನ್ನು ಬರೆಯುತ್ತಿರುವಾಗಲೇ ಎಚ್ಚರವಾಗಿ ಅಳಲು ಶುರು ಮಾಡಿದೆ. ಬಾಯಿ ಅಗಲ ತೆರೆದು, ಒಸಡೆಲ್ಲ ಕಾಣುವ ಹಾಗೆ, ಓಣಿಗೆಲ್ಲ ಕೇಳುವ ಹಾಗೆ. ಪಕ್ಕದ ಮನೆಯಿಂದ ಯಾರೋ “ಕೂಸು ಅಳಾಕತ್ತೈತಿ, ಎತ್ಕೊಳ್ರೇ!” ಎಂದು ಕೂಗಿದರು. ಅತ್ತೆ ಹೊಸ್ತಿಲಲ್ಲಿ ನಿಂತಿದ್ದಾರೆ. ನಾನು ಇಲ್ಲಿ ಪೆನ್ನು ಹಿಡಿದು ಕುಳಿತಿದ್ದೇನೆ. ಇಬ್ಬರೂ ಇನ್ನೂ ಎತ್ತಿಕೊಂಡಿಲ್ಲ. ಇನ್ನಷ್ಟು ಅಳಲಿ ಎಂದು ಕೇಳುತ್ತಾ ಇದ್ದೇವೆ.

ನಿನ್ನ ಅಕ್ಕ
ಅಮರಮ್ಮ